ಹಿಮ್ಮಡಿಗೆ ಕೊಟ್ಟ ಹೆಬ್ಬೆರಳು

2022ರ ಮಾರ್ಚ್ ತಿಂಗಳು. ಆಗ ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ಮೂಳೆ ಮತ್ತು ಕೀಲು ವಿಭಾಗದ ಹಿರಿಯ ಶಸ್ತ್ರವೈದ್ಯನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಮುರಿದ ತೊಡೆ, ಜಾರಿದ ಭುಜ, ಹೆದ್ದಾರಿಯಲ್ಲಿ ನುಚ್ಚುನೂರಾದ ಮೊಣಕಾಲು ಎಲ್ಲವನ್ನೂ ನೋಡಿದ್ದೆ. ನನ್ನ ಕೈಚಳಕದ ಬಗ್ಗೆ ಸಣ್ಣ ಹೆಮ್ಮೆ ಇತ್ತು ಎಂದರೆ ಸುಳ್ಳಾಗುತ್ತದೆ, ದೊಡ್ಡ ಹೆಮ್ಮೆಯೇ ಇತ್ತು. ಕೋಪವೂ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಎಂಬತ್ತು ಜನರನ್ನು ನೋಡಬೇಕಾದವನಿಗೆ ಉದ್ದ ಕಥೆ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಆ ತಿಂಗಳ ಒಂದು ಸೋಮವಾರ ಪುರ್ಸು ಹರಿಕಂತ್ರ ಎಂಬ ಐವತ್ತೆರಡರ ಮನುಷ್ಯ ಬಲಗಾಲು ಎಳೆದುಕೊಂಡು ಒಳಗೆ ಬಂದ. ಅಂಕೋಲಾ ತಾಲ್ಲೂಕಿನ ಹಾರವಾಡದ ಮೀನುಗಾರ. ಸಣಕಲು ಮೈ, ಬಿಸಿಲಿಗೆ ಸುಟ್ಟ ಮುಖ, ಏನು ಕೇಳಿದರೂ ಮೊದಲು ಒಂದು ನಗೆ. ಜೊತೆಯಲ್ಲಿ ಹೆಂಡತಿ ಸಾವಿತ್ರಿ ಇದ್ದಳು. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು, ಮಾತಿನಲ್ಲಿ ಗಂಡನಿಗಿಂತ ಚುರುಕು. ಅವನ ಪರವಾಗಿ ಅವಳೇ ಶುರು ಮಾಡಿದಳು.

"ನವೆಂಬರದಲ್ಲಿ ಏಂಡಿ ಎಳೂವಾಗ ಆದದ್ದು ಡಾಕ್ಟ್ರೇ. ಉಳುಕು ಅಂದ್ಕಂಡು ಎಣ್ಣೆ ತಿಕ್ಕಿಸ್ದ್ರು. ತಿಕ್ಕಿ ತಿಕ್ಕಿ ನಾಕು ತಿಂಗ್ಳಾಯ್ತು."

ಏಂಡಿ ಬಲೆ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಅದನ್ನು ಅರ್ಧಚಂದ್ರದಂತೆ ನೀರಿಗೆ ಬಿಟ್ಟು ಬರುತ್ತಾರೆ. ಆಮೇಲೆ ಅದರ ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ಎರಡು ಸಾಲು ಜನ ನಿಂತು, ಹಿಮ್ಮಡಿ ಊರಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆಯುತ್ತಾರೆ. ಹಾಗೆ ಎಳೆಯುವಾಗ ಏನಾಯಿತು ಎಂದು ಪುರ್ಸುವನ್ನೇ ಕೇಳಿದೆ.

"ಹಿಂದಿಂದ ಯಾರೋ ಒದ್ದಂಗಾಯ್ತ್ರಾ. ತಿರ್ಗಿ ನೋಡ್ದೆ, ಯಾರೂ ಇಲ್ಲ," ಎಂದ.

ಈ ಮಾತು ಕೇಳಿದ ಕೂಡಲೇ ಮೂಳೆ ವೈದ್ಯನಾದವನಿಗೆ ಅರ್ಧ ರೋಗ ತಿಳಿದುಬಿಡುತ್ತದೆ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ದಪ್ಪ ಹುರಿಯೊಂದಿದೆ. ಅದಕ್ಕೆ ಅಕಿಲಿಸ್ ಟೆಂಡನ್ ಎನ್ನುತ್ತೇವೆ. ದೇಹದ ಟೆಂಡನ್‌ಗಳಲ್ಲೆಲ್ಲ ಗಟ್ಟಿಯಾದದ್ದು ಅದೇ. ಅದು ಹರಿದಾಗ ಜಗತ್ತಿನ ಎಲ್ಲ ಕಡೆಯ ರೋಗಿಗಳೂ ಹಿಂದಿನಿಂದ ಯಾರೋ ಒದ್ದರು ಎಂದೇ ಹೇಳುತ್ತಾರೆ. ಪುರ್ಸುವನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿ ನೋಡಿದೆ. ಸರಿಯಿರುವ ಕಾಲಾದರೆ ಹಿಂಡಿದಾಗ ಪಾದ ತಾನಾಗಿಯೇ ಕೆಳಗೆ ಬಾಗುತ್ತದೆ. ಅವನ ಬಲಪಾದ ಅಲುಗಲಿಲ್ಲ. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಹುರಿ ಇರಬೇಕಾದ ಜಾಗದಲ್ಲಿ ಹಳ್ಳ. ಹೋಲಿಸಲೆಂದು ಎಡಗಾಲನ್ನೂ ನೋಡಿದೆ. ಅದರ ಹಿಮ್ಮಡಿ ಸರಿಯಿತ್ತು, ಆದರೆ ಹೆಬ್ಬೆರಳು ಇರಲಿಲ್ಲ. ಹರೆಯದಲ್ಲಿ ಲಂಗರಿನ ಹಗ್ಗಕ್ಕೆ ಸಿಕ್ಕಿ ಹೋದದ್ದಂತೆ. "ಎಡ ಹೆಬ್ಬೆರಳು ಇಲ್ಲ, ಹಳೆಯ ಗಾಯ" ಎಂದು ಕೇಸ್ ಶೀಟಿನಲ್ಲಿ ಬರೆದು ಮುಂದೆ ಹೋದೆ.

ಎಂ.ಆರ್.ಐ. ಸ್ಕ್ಯಾನಿನ ಚಿತ್ರ ಬಂತು. ಹರಿದ ಎರಡು ತುದಿಗಳ ನಡುವೆ ಏಳು ಸೆಂಟಿಮೀಟರ್ ಅಂತರ. ಹರಿದ ವಾರದೊಳಗೆ ಬಂದಿದ್ದರೆ ತುದಿಗೆ ತುದಿ ಸೇರಿಸಿ ಹೊಲಿಯಬಹುದಿತ್ತು. ನಾಲ್ಕು ತಿಂಗಳಲ್ಲಿ ಮೇಲಿನ ತುದಿ ಸ್ನಾಯುವಿನ ಜೊತೆ ಮೇಲಕ್ಕೆ ಸರಿದು ಅಲ್ಲೇ ಅಂಟಿಕೊಂಡಿತ್ತು. ಇಂಥ ಕಾಲಿಗೆ ಬೇರೆ ಕಡೆಯಿಂದ ಟೆಂಡನ್ ತಂದು ಕಸಿ ಮಾಡಬೇಕು. ಅದನ್ನೇ ಗ್ರಾಫ್ಟ್ ಎನ್ನುವುದು. ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ಮೊಣಕಾಲಿನ ಹಿಂದಿನ ತೆಳ್ಳಗಿನ ಟೆಂಡನ್ ತೆಗೆದು ಹಿಮ್ಮಡಿಗೆ ತರುವುದು. ಇನ್ನೊಂದು, ಕಾಲಿನ ಹೆಬ್ಬೆರಳ ತುದಿಯನ್ನು ಬಗ್ಗಿಸುವ ಟೆಂಡನ್ನನ್ನು ಬಿಡಿಸಿ, ಹಿಮ್ಮಡಿಯ ಮೂಳೆಯಲ್ಲಿ ರಂಧ್ರ ಕೊರೆದು ಕೂರಿಸುವುದು. ಎರಡನೆಯದು ನನಗೆ ಇಷ್ಟದ್ದು. ಹೆಬ್ಬೆರಳಿನ ಟೆಂಡನ್ ಹಿಮ್ಮಡಿಯ ಪಕ್ಕದಲ್ಲೇ ಹಾದುಹೋಗುತ್ತದೆ, ತನ್ನದೇ ಸ್ನಾಯುವಿನ ಬಲ ಹೊತ್ತು ತರುತ್ತದೆ, ಬೇಗ ಬೇರೂರುತ್ತದೆ. ಪುಸ್ತಕಗಳೂ ಅದನ್ನೇ ಹೇಳುತ್ತಿದ್ದವು. ಹೆಬ್ಬೆರಳ ತುದಿ ಬಾಗದಿದ್ದರೂ ರೋಗಿಗೆ ಅದರ ಕೊರತೆ ಕಾಣುವುದಿಲ್ಲ ಎಂದೂ ಹೇಳುತ್ತಿದ್ದವು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ದಿನ ಇದನ್ನೆಲ್ಲ ಇಬ್ಬರಿಗೂ ಚಿತ್ರ ಬರೆದು ವಿವರಿಸಿದೆ. ನಾನು ವಿವರಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪುರ್ಸು ಒಂದೇ ಮಾತು ಕೇಳಿದ: "ಮತ್ತೆ ಮೊದ್ಲಿನಂಗೆ ಕೆಲ್ಸ ಮಾಡೂಕೆ ಆಗ್ತದ್ರಾ?"

"ಯಾಕಾಗೋದಿಲ್ಲ? ಆರು ತಿಂಗಳಲ್ಲಿ ಹಗ್ಗ ಎಳೆಯುತ್ತೀಯ," ಎಂದೆ.

ಸಾವಿತ್ರಿ ಚಿತ್ರದ ಮೇಲೆ ಬೆರಳಿಟ್ಟು, "ಆದ್ರೆ ಡಾಕ್ಟ್ರೇ, ಇವ್ರಿಗೆ ಆ ಬೆರಳು ಬೇಕಲ್ರಾ?" ಎಂದಳು.

ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. "ಬೆರಳು ಎಲ್ಲಿಗೂ ಹೋಗೋದಿಲ್ಲ ತಾಯಿ. ತುದಿ ಬಾಗೋದಿಲ್ಲ, ಅಷ್ಟೇ. ಏನು, ನಿನ್ನ ಗಂಡ ಕಾಲ್ಬೆರಳಲ್ಲಿ ಹಾರ್ಮೋನಿಯಂ ಬಾರಿಸುತ್ತಾನಾ?" ಎಂದೆ. ನರ್ಸು ನಕ್ಕಳು, ಕಿರಿಯ ವೈದ್ಯ ನಕ್ಕ, ಪುರ್ಸುವೂ ನಕ್ಕ. ಸಾವಿತ್ರಿ ನಗಲಿಲ್ಲ. ಪುರ್ಸು ಹೆಬ್ಬೆಟ್ಟು ಒತ್ತದೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದ.

ಮಾರ್ಚ್ ಕೊನೆಯ ವಾರ ಶಸ್ತ್ರಕ್ರಿಯೆ ಮಾಡಿದೆ. ರಕ್ತ ನಿಲ್ಲಿಸಲು ತೊಡೆಗೆ ಗಾಳಿ ತುಂಬಿದ ಪಟ್ಟಿ ಬಿಗಿದಿರುತ್ತೇವೆ. ಅದನ್ನು ಸುಮಾರು ಎರಡು ಗಂಟೆಯೊಳಗೆ ಬಿಚ್ಚಬೇಕು. ಹಿಮ್ಮಡಿಯ ಗಾಯದ ಅಂಗಾಂಶವನ್ನು ಬಿಡಿಸುವುದಕ್ಕೇ ನಲವತ್ತು ನಿಮಿಷ ಹೋಯಿತು. ಟೆಂಡನ್ ಉದ್ದ ಸಿಗಲಿ ಎಂದು ಪಾದದ ಒಳಬದಿಯಲ್ಲಿ ಇನ್ನೊಂದು ಗಾಯ ಮಾಡಿ, ಬಹಳ ಮುಂದಕ್ಕೆ ಹೋಗಿ ಹೆಬ್ಬೆರಳ ಹುರಿಯನ್ನು ಕತ್ತರಿಸಿದೆ. ಹೀಗೆ ಉದ್ದಕ್ಕೆ ತೆಗೆದಾಗ ಬೆರಳಿನ ಕಡೆ ಉಳಿಯುವ ತುಂಡನ್ನು ಪಕ್ಕದ ಬೆರಳುಗಳ ಟೆಂಡನ್ನಿಗೆ ಹೊಲಿಯುವ ಪದ್ಧತಿ ಇದೆ. ಹೊಲಿದರೆ ಹೆಬ್ಬೆರಳಿಗೆ ಸ್ವಲ್ಪವಾದರೂ ಬಾಗುವ ಶಕ್ತಿ ಉಳಿಯುತ್ತದೆ. ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ. ಅರಿವಳಿಕೆ ತಜ್ಞರು ಗಡಿಯಾರ ನೋಡಿ, "ಪಟ್ಟಿ ಬಿಗಿದು ಒಂದು ಗಂಟೆ ನಲವತ್ತು ನಿಮಿಷ," ಎಂದರು. ಆ ಹೊಲಿಗೆ ಬಿಟ್ಟೆ. ಹಿಮ್ಮಡಿ ಮುಖ್ಯ, ಬೆರಳು ಶೋಕಿ ಎಂದು ಆಗ ನನ್ನ ಮನಸ್ಸು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ಗಾಯ ಚೆನ್ನಾಗಿ ಮಾಯಿತು. ಆರು ವಾರ ಪ್ಲಾಸ್ಟರ್, ಆಮೇಲೆ ಎತ್ತರದ ಹಿಮ್ಮಡಿಯ ಬೂಟು, ಆಮೇಲೆ ವ್ಯಾಯಾಮ. ಪುರ್ಸುವಿನಂಥ ರೋಗಿ ಸಿಗುವುದು ಅಪರೂಪ. ಹೇಳಿದ ದಿನ ಬರುತ್ತಿದ್ದ, ಹೇಳಿದಷ್ಟು ಮಾಡುತ್ತಿದ್ದ. ಜೂನ್‌ನಲ್ಲಿ, ಟ್ರಾಲರುಗಳು ದಡ ಸೇರಿ ಮಳೆ ಹಿಡಿದ ಮೇಲೆ, ತಪಾಸಣೆಗೆ ಬಂದವನು ಎಂದಿಗಿಂತ ಮಂಕಾಗಿದ್ದ. "ಏನಾದರೂ ತೊಂದರೆಯಾ?" ಎಂದೆ. "ಎಂತದೂ ಇಲ್ರಾ. ಎಲ್ಲಾ ನಿಮ್ಮ ಕೃಪೆ," ಎಂದ. ನಾನೂ ಬೆಳ್ಳಗಿರುವುದೆಲ್ಲ ಹಾಲು ಎಂದುಕೊಂಡೆ. ಅಕ್ಟೋಬರ್‌ನಲ್ಲಿ ಅವನು ಬಲಗಾಲೊಂದರ ಮೇಲೆ ನಿಂತು ಹದಿನೆಂಟು ಸಲ ಹಿಮ್ಮಡಿ ಎತ್ತಿ ತೋರಿಸಿದ. ಏಳು ಸೆಂಟಿಮೀಟರ್ ಖಾಲಿಯಾಗಿದ್ದ ಕಾಲು! ಪಕ್ಕದ ಕೋಣೆಯ ವೈದ್ಯರನ್ನೆಲ್ಲ ಕೂಗಿ ಕರೆದೆ. ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಆ ವಿಡಿಯೋವನ್ನು ಹುಬ್ಬಳ್ಳಿಯಲ್ಲಿ ನಡೆದ ವೈದ್ಯರ ಸಭೆಯೊಂದರಲ್ಲಿ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಹಿಂದಿನ ಸಾಲಿನಿಂದ ಯಾರೋ, "ಹೆಬ್ಬೆರಳಿನ ಬಗ್ಗೆ ರೋಗಿಯ ದೂರು?" ಎಂದು ಕೇಳಿದರು. "ಒಂದೂ ಇಲ್ಲ," ಎಂದು ಎದೆ ತಟ್ಟಿ ಹೇಳಿದೆ.

ಡಿಸೆಂಬರ್‌ನ ಒಂದು ಭಾನುವಾರ ಕುಮಟಾದಲ್ಲಿ ಮದುವೆ ಊಟ ಮುಗಿಸಿ ಕಾರವಾರಕ್ಕೆ ಮರಳುತ್ತಿದ್ದೆ. ಅಂಕೋಲೆಯಲ್ಲಿ ಕಾರು ನಿಲ್ಲಿಸಿ ಮೀನುಪೇಟೆಗೆ ಹೋದೆ. ಸಾವಿತ್ರಿ ಬುಟ್ಟಿಯ ಹಿಂದೆ ಕೂತಿದ್ದಳು. ನನ್ನನ್ನು ಗುರುತಿಸಿ ಬಂಗಡೆ ಆರಿಸತೊಡಗಿದಳು.

"ಹೇಗಿದ್ದಾನೆ ನಮ್ಮ ಪುರ್ಸು? ಓಡುತ್ತಾನಾ?" ಎಂದೆ. ಹೊಗಳಿಕೆಗೆ ಕಿವಿ ತೆರೆದೇ ಕೇಳಿದ ಪ್ರಶ್ನೆ ಅದು.

"ಓಡ್ತ್ರು. ಹಗ್ಗಕ್ಕೂ ಹೋಗ್ತ್ರು. ಬಲೆ ಮಾತ್ರ ಯಾರೂ ಕೊಡೂದಿಲ್ಲ ಈಗ."

"ಯಾವ ಬಲೆ?"

ಅವಳು ಮೀನು ಕೆಳಗಿಟ್ಟು ನನ್ನನ್ನು ನೋಡಿದಳು. ಕೈಚೀಲ ಕಟ್ಟಿದ್ದ ಹುರಿಯನ್ನು ಬಿಚ್ಚಿ, ಒಂದು ಕಾಲು ಮುಂದೆ ಚಾಚಿ, ಹುರಿಯನ್ನು ತನ್ನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದಳು. ಬೆರಳಿನ ತುದಿ ಕೊಕ್ಕೆಯ ಹಾಗೆ ಬಾಗಿ ಹುರಿಯನ್ನು ಹಿಡಿದುಕೊಂಡಿತು. "ಹಿಂಗೆ ಕೂತು ಬಲೆ ಹೊಲೀತಿದ್ರು. ಹಾರವಾಡದಲ್ಲಿ, ಬೇಲೇಕೇರಿಲಿ ಹರ್ದ ಬಲೆ ಎಲ್ಲಾ ಇವ್ರ ಹತ್ರನೇ ಬರ್ತಿತ್ತು. ಹಗ್ಗ ಯಾರು ಬೇಕಾರೂ ಎಳೀತ್ರು ಡಾಕ್ಟ್ರೇ. ಆವತ್ತೇ ಕೇಳಿದ್ನಲ್ರಾ, ಆ ಬೆರಳು ಬೇಕಲ್ರಾ ಅಂತ."

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಜಗಳಗಂಟನೇ. ಎಡಗಾಲಿನ ಬೆರಳಿದೆಯಲ್ಲ ಎಂದು ಬಾಯಿಗೆ ಬಂತು. ಎಡಗಾಲಿನಲ್ಲಿ ಆ ಬೆರಳಿಲ್ಲ ಎಂದು ಬರೆದವನೇ ನಾನು. ನನ್ನದೇ ಅಕ್ಷರದಲ್ಲಿ ಬರೆದು ಪುಟ ತಿರುಗಿಸಿದ್ದೆ. ಆ ಮನುಷ್ಯನಿಗೆ ಉಳಿದಿದ್ದ ಒಂದೇ ಒಂದು ಹೆಬ್ಬೆರಳಿನ ಹುರಿಯನ್ನು ತೆಗೆದು ಹಿಮ್ಮಡಿಗೆ ಹಾಕಿದ್ದೆ.

ಹಟ್ಟಿಕೇರಿ ದಾಟಿ ಹಾರವಾಡದ ಕಡೆ ಕಾರು ತಿರುಗಿಸಿದಾಗ ಮಧ್ಯಾಹ್ನ ಮೂರು ಗಂಟೆ. ದಡದ ಹತ್ತಿರ ತೆಂಗಿನ ಮಡಲಿನ ಚಪ್ಪರದ ಕೆಳಗೆ ಪುರ್ಸು ಒಬ್ಬನೇ ಕೂತಿದ್ದ. ಮುಂದೆ ನೈಲಾನ್ ಬಲೆಯ ರಾಶಿ. ಬಲೆಯ ಅಂಚನ್ನು ಚಪ್ಪರದ ಕಂಬಕ್ಕೆ ಹೊಡೆದ ಮೊಳೆಯೊಂದಕ್ಕೆ ಸಿಕ್ಕಿಸಿ, ಸೂಜಿ ಹಿಡಿದು ಹೊಲಿಯಲು ಹೆಣಗುತ್ತಿದ್ದ. ನನ್ನನ್ನು ಕಂಡ ಕೂಡಲೇ ಎದ್ದ. ಎದ್ದವನೇ ಬಲಗಾಲೊಂದರ ಮೇಲೆ ನಿಂತು, ಹಿಮ್ಮಡಿ ಎತ್ತಿ ತೋರಿಸಿದ. ಒಂದು, ಎರಡು, ಮೂರು. ನಾನು ಕಂಡಾಗಲೆಲ್ಲ ಅದನ್ನೇ ಕೇಳುತ್ತಿದ್ದೆನಲ್ಲ.

"ಸಾಕು ಪುರ್ಸು," ಎಂದೆ. ಮರಳಿನ ಮೇಲೆ ಕೂತೆ. "ನನಗೆ ಯಾಕೆ ಹೇಳಲಿಲ್ಲ?"

ಅವನು ನಗಲು ನೋಡಿದ, ಆಗಲಿಲ್ಲ. "ಆಪರೇಶನ್ನಿನ ಮೊದ್ಲು ಹೇಳ್ಬೇಕು ಅಂದ್ಕಂಡಿದ್ದೆ. ನೀವು ಹಾರ್ಮೋನಿಯಂ ಅಂದ್ರಿ, ಎಲ್ಲಾ ನಕ್ಕರು. ಮತ್ತೆ ಬಲೆ ಸುದ್ದಿ ತೆಗೆದ್ರೆ ಮಳ್ಳು ಅಂತ್ರು ಅನ್ಸ್ತು."

"ಆಮೇಲೆ? ಜೂನ್‌ನಲ್ಲಿ ನಾನು ಕೇಳಿದೆನಲ್ಲ?"

"ಮಳೆಗಾಲದಲ್ಲೇ ಬಲೆ ಕೆಲ್ಸ ಜಾಸ್ತಿ. ಆವಾಗ್ಲೇ ಗೊತ್ತಾಯ್ತು, ಬೆರಳು ಹಿಡೀತಿಲ್ಲ ಅಂತ. ಆದ್ರೆ ನೀವು ಅಷ್ಟು ಖುಷಿಲಿದ್ರಿ. ಮತ್ತೆ ಅಕ್ಟೋಬರದಲ್ಲಿ ಎಲ್ಲಾ ಡಾಕ್ಟ್ರನ್ನ ಕರ್ದು ಕರ್ದು ತೋರಿಸ್ತಿದ್ರಿ. ನಿಮ್ಮ ಮುಖ ನೋಡಿ ಹೆಂಗೆ ಹೇಳೂದ್ರಾ?"

ಮೂವತ್ತೊಂದು ವರ್ಷ ರೋಗಿಗಳಿಗೆ ಕಹಿ ಸುದ್ದಿಯನ್ನು ಹೇಗೆ ಮೆತ್ತಗೆ ಹೇಳಬೇಕೆಂದು ಕಿರಿಯರಿಗೆ ಪಾಠ ಮಾಡಿದವನು ನಾನು. ಇಲ್ಲಿ ರೋಗಿಯೇ ವೈದ್ಯನಿಂದ ಕಹಿ ಸುದ್ದಿಯನ್ನು ಆರು ತಿಂಗಳು ಮುಚ್ಚಿಟ್ಟಿದ್ದ. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಅವನ ಹೆಸರು ಹಿಡಿದು, "ತಪ್ಪು ನನ್ನದು," ಎಂದೆ. ನನ್ನ ವೃತ್ತಿಯಲ್ಲಿ ಈ ಎರಡು ಪದಗಳನ್ನು ರೋಗಿಯ ಮುಖ ನೋಡಿ ಹೇಳಿದ್ದು ಅದೇ ಮೊದಲು.

ಇನ್ನೊಂದು ಸಣ್ಣ ಶಸ್ತ್ರಕ್ರಿಯೆ ಮಾಡಬಹುದು, ಆವತ್ತು ನಾನು ಬಿಟ್ಟ ಹೊಲಿಗೆಯನ್ನು ಈಗ ಹಾಕಿ ನೋಡಬಹುದು ಎಂದು ವಿವರಿಸಿದೆ. ಒಂಬತ್ತು ತಿಂಗಳಲ್ಲಿ ಆ ತುಂಡು ಗಾಯದೊಳಗೆ ಅಂಟಿಕೊಂಡಿರುತ್ತದೆ, ಎಷ್ಟು ಫಲ ಸಿಗುತ್ತದೋ ಹೇಳಲಾರೆ, ಸಿಗದೆಯೂ ಇರಬಹುದು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಪುರ್ಸು ಬಲಗಾಲನ್ನು ಮುಂದೆ ಚಾಚಿ ನೋಡಿಕೊಂಡ. ಕೊನೆಗೆ, "ಬ್ಯಾಡ್ರಾ. ಇದ್ದ ಕಾಲು ಇರ್ಲಿ," ಎಂದ. ಒತ್ತಾಯ ಮಾಡುವ ಹಕ್ಕು ನನಗಿರಲಿಲ್ಲ.

"ಮೊಳೆಗೆ ಸಿಕ್ಕಿಸಿದರೆ ಆಗುವುದಿಲ್ಲವೇ?" ಎಂದು ಕೇಳಿದೆ. ಕೇಳುವಾಗಲೇ ಇದು ಒಂಬತ್ತು ತಿಂಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಎನ್ನಿಸಿತು.

ಅವನು ಬಲೆಯ ಅಂಚನ್ನು ಮೊಳೆಯಿಂದ ಬಿಡಿಸಿ ತಂದು ನನ್ನ ಬಲಗೈಯ ತೋರುಬೆರಳಿಗೆ ಸಿಕ್ಕಿಸಿದ. "ಬಗ್ಗಿಸಿ ಹಿಡೀರಿ. ನಾ ಗಂಟು ಬಿಗಿಯೂವಾಗ ಎಳೀಬೇಕು. ಸೂಜಿ ತಿರ್ಗಿಸೂವಾಗ ಬಿಡ್ಬೇಕು. ಪೂರ್ತಿ ಬಿಡೂದಲ್ಲ, ಒಂದು ಚೂರು." ಅವನ ಸೂಜಿ ಹೊರಟಿತು. ಎಳೆದೆ, ಬಿಟ್ಟೆ, ಎಳೆದೆ. ನಾನು ಎಳೆಯುವ ಹೊತ್ತಿಗೆ ಅವನ ಗಂಟು ಬಿದ್ದಾಗಿರುತ್ತಿತ್ತು. ಬೇಗ ಎಳೆದರೆ ಬಲೆಯ ಕಣ್ಣು ಕಿರಿದಾಯಿತು, ತಡವಾದರೆ ಜೋಲು ಬಿತ್ತು. ಕೂದಲೆಳೆಯಷ್ಟು ದಾರದಲ್ಲಿ ರಕ್ತನಾಳ ಹೊಲಿದ ಕೈ ನನ್ನದು. ಹತ್ತು ನಿಮಿಷದಲ್ಲಿ ಬೆರಳು ಸೋತುಹೋಯಿತು. ಅವನ ಹೆಬ್ಬೆರಳು ಅದನ್ನು ದಿನವಿಡೀ, ಅವನು ಯಾರ ಜೊತೆಯೋ ಮಾತಾಡುತ್ತಿರುವಾಗಲೂ, ಯಾರೂ ಹೇಳದೆ ತಾನಾಗಿ ಮಾಡುತ್ತಿತ್ತು. ಮೊಳೆಗೆ ಹಿಡಿಯಲು ಮಾತ್ರ ಬರುತ್ತದೆ, ಹದವಾಗಿ ಬಿಡಲು ಬರುವುದಿಲ್ಲ.

ಮೂರು ಸಾಲು ಮುಗಿದವು. ಪುರ್ಸು ಅದನ್ನು ಬೆಳಕಿಗೆ ಎತ್ತಿ ನೋಡಿದ. ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಸಣ್ಣ ಕತ್ತಿ ತೆಗೆದು ಮೂರೂ ಸಾಲನ್ನು ಕತ್ತರಿಸಿ ಹಾಕಿದ. "ಬ್ಯಾಸ್ರ ಮಾಡ್ಕಣ್ಬೇಡಿ. ಇಂಥದ್ರಲ್ಲಿ ಮೀನು ನಿಲ್ಲೂದಿಲ್ಲ," ಎಂದ.

ಮರುವಾರವೇ ಹುಬ್ಬಳ್ಳಿಯ ಆ ಸಭೆಯ ಸಂಘಟಕರಿಗೆ ಪತ್ರ ಬರೆದೆ. ನಾನು ತೋರಿಸಿದ ರೋಗಿಗೆ ದೂರು ಇದೆ, ಅದನ್ನು ಕೇಳಿಸಿಕೊಳ್ಳದವನು ನಾನು ಎಂದು ಬರೆದೆ. ನಿವೃತ್ತಿಯಾಗುವವರೆಗಿನ ಮುಂದಿನ ಹದಿನೈದು ತಿಂಗಳಲ್ಲಿ ಇಂಥ ಕಸಿ ಮಾಡಬೇಕಾಗಿ ಬಂದ ಪ್ರತಿ ರೋಗಿಗೂ, "ನಿನ್ನ ಕೆಲಸವನ್ನು ಬಾಯಲ್ಲಿ ಹೇಳಬೇಡ, ಇಲ್ಲೇ ಮಾಡಿ ತೋರಿಸು," ಎನ್ನುತ್ತಿದ್ದೆ. ಹಿಲ್ಲೂರಿನಿಂದ ಬಂದ ರೈತ ಹೆಂಗಸೊಬ್ಬಳು ಒ.ಪಿ.ಡಿ.ಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬೆರಳೂರಿ, ಗದ್ದೆಯ ಕೆಸರಿನಲ್ಲಿ ಹಿಂದೆ ಸರಿಯುತ್ತ ನಾಟಿ ಮಾಡುವುದನ್ನು ತೋರಿಸಿದಳು. ಅವಳ ಬೆರಳನ್ನು ಮುಟ್ಟದೆ ಮೊಣಕಾಲಿನ ಟೆಂಡನ್ ತಂದು ಹಿಮ್ಮಡಿ ಕಟ್ಟಿದೆ. ಹೊರಗೆ ಕಾಯುವವರು ಗೊಣಗುತ್ತಿದ್ದರು. ಗೊಣಗಲಿ ಎಂದು ಬಿಟ್ಟೆ.

ಈ ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ: ದೇಹದಲ್ಲಿ ಯಾವ ಭಾಗ ದಂಡಕ್ಕೆ ಇದೆ ಎಂಬುದನ್ನು ಪುಸ್ತಕ ಹೇಳಲಾರದು, ಆ ದೇಹದಿಂದ ದುಡಿದು ಉಣ್ಣುವವನು ಮಾತ್ರ ಹೇಳಬಲ್ಲ. ಅವನು ಹೇಳುವವರೆಗೆ ಕಾಯುವುದೂ ಶಸ್ತ್ರಕ್ರಿಯೆಯ ಭಾಗವೇ. ಇದನ್ನು ಕಲಿಯಲು ನಾನು ತೆತ್ತದ್ದು ಏನೂ ಇಲ್ಲ. ತೆತ್ತವನು ಪುರ್ಸು. ಹಾರವಾಡದ ದಡದಲ್ಲಿ ಅವನು ಈಗಲೂ ಹಗ್ಗದ ಸಾಲಿನಲ್ಲಿ ನಿಂತು ಏಂಡಿ ಎಳೆಯುತ್ತಾನೆ. ನಾನು ಕಟ್ಟಿಕೊಟ್ಟ ಹಿಮ್ಮಡಿ ಗಟ್ಟಿಯಾಗಿದೆ, ಮರಳಿನಲ್ಲಿ ಚೆನ್ನಾಗಿ ಊರುತ್ತದೆ. ಮೀನು ದಡಕ್ಕೆ ಬಂದ ಮೇಲೆ ಹರಿದ ಬಲೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಹೊಲಿಯಲು ಬೇರೆಯವರ ಕೈಗೆ ಕೊಟ್ಟು ಬರುತ್ತಾನೆ.